ಪರದೆಯ ಮೂಲೆಯಿಂದ ಕರೆಯುವವರು ಯಾರು? ಕಂಪ್ಯೂಟರ್ ನೋಟಿಫಿಕೇಶನ್‌ಗಳನ್ನು ಹತೋಟಿಗೆ ತರುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ಕಾಸರಗೋಡಿನ ಎಷ್ಟೋ ಮನೆ, ಅಂಗಡಿ, ಅಕ್ಷಯ ಕೇಂದ್ರಗಳ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರಗಳು) ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಬದಲಾದವು. ಬದಲಾಗಲು ತಾಕತ್ತಿಲ್ಲದ ಹಳೆಯ ಯಂತ್ರಗಳ ಜಾಗಕ್ಕೆ ಹೊಸ ಲ್ಯಾಪ್‌ಟಾಪ್ ಬಂತು. ಹೊಸ ಯಂತ್ರದಲ್ಲಿ ನಾವು ಹಿಂದೆ ಮಾಡಿಟ್ಟ ಹೊಂದಾಣಿಕೆಗಳು ಇರುವುದಿಲ್ಲ. ಹಾಕಿಕೊಂಡ ಆ್ಯಪ್‌ಗಳಿಗೆಲ್ಲ ಹೆಚ್ಚುಕಡಿಮೆ ಮೊದಲ ದಿನದಿಂದಲೇ ಮಾತಾಡುವ ಅನುಮತಿ ಇರುತ್ತದೆ. ಹಾಗಾಗಿ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಪರಿಚಯದವರು ಈಗೀಗ ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಬಲಗಡೆಯ ಕೆಳಮೂಲೆಯಲ್ಲಿ ಟಣ್ ಎಂದು ಒಂದು ಚೌಕ ಬಂದು ಹೋಗುತ್ತದಲ್ಲ, ಅದನ್ನು ನಿಲ್ಲಿಸುವುದು ಹೇಗೆ?

ಕೇಳುವವರು ಒಂದೇ ಬಗೆಯವರಲ್ಲ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು, ಈಗಲೂ ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವ ಹುಡುಗರಿದ್ದಾರೆ. ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವರಿದ್ದಾರೆ. ಸರಕಾರಿ ಕೆಲಸಕ್ಕಾಗಿ ಪಿಎಸ್‌ಸಿ ಪರೀಕ್ಷೆಗೆ ಓದುವವರಿದ್ದಾರೆ, ಪ್ರೊಜೆಕ್ಟರ್ ಹಾಕಿ ಪಾಠ ಮಾಡುವ ಮಾಷ್ಟ್ರು, ಟೀಚರ್‌ಗಳಿದ್ದಾರೆ. ಎಲ್ಲರಿಗೂ ಒಂದೇ ಬಟನ್ ತೋರಿಸಿ ಮುಗಿಸುವ ವಿಷಯವಲ್ಲ ಇದು. ಆ ಚೌಕ ಎಲ್ಲಿಂದ ಬರುತ್ತದೆ, ಯಾರು ಕಳಿಸುತ್ತಾರೆ ಎಂದು ತಿಳಿದರೆ ಮಾತ್ರ ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಾಗುತ್ತದೆ. ಮೊದಲು ಅದನ್ನೇ ನೋಡೋಣ.

ಸಂದೇಶ ತಾನಾಗಿ ಬರುವುದು ಹೇಗೆ

ನೋಟಿಫಿಕೇಶನ್ ಎಂದರೆ ನೀವು ಬೇರೇನೋ ಮಾಡುತ್ತಿರುವಾಗ, ನೀವು ತೆರೆಯದಿರುವ ಒಂದು ಆ್ಯಪ್ ಅಥವಾ ಜಾಲತಾಣ ನಿಮ್ಮ ಪರದೆಯ ಮೇಲೆ ತೋರಿಸುವ ಸಣ್ಣ ಸಂದೇಶ. ಜತೆಗೆ ಸದ್ದು ಇರಬಹುದು, ಕೆಳಪಟ್ಟಿಯ ಚಿಹ್ನೆಯ ಮೇಲೊಂದು ಕೆಂಪು ಅಂಕಿ ಇರಬಹುದು.

ಮೊದಲು ವ್ಯವಸ್ಥೆ ಹೀಗಿರಲಿಲ್ಲ. ಇಮೇಲ್ ಬಂದಿದೆಯೋ ಎಂದು ತಿಳಿಯಬೇಕಾದರೆ ನಾವೇ ತೆರೆದು ನೋಡಬೇಕಿತ್ತು, ಇಲ್ಲವೇ ನಮ್ಮ ಕಂಪ್ಯೂಟರು ಇಂತಿಷ್ಟು ನಿಮಿಷಕ್ಕೊಮ್ಮೆ ಸರ್ವರನ್ನು, ಅಂದರೆ ಸಂದೇಶಗಳನ್ನು ಇಟ್ಟುಕೊಂಡಿರುವ ದೂರದ ಕಂಪ್ಯೂಟರನ್ನು, ‘ಏನಾದರೂ ಬಂದಿದೆಯಾ’ ಎಂದು ವಿಚಾರಿಸುತ್ತಿತ್ತು. ಈಗ ನಡೆಯುವುದು ತಿರುಗುಮುರುಗಾಗಿ. ಸರ್ವರ್ ಮತ್ತು ನಿಮ್ಮ ಯಂತ್ರದ ನಡುವೆ ಸದಾ ಒಂದು ತೆಳು ಸಂಪರ್ಕ ತೆರೆದೇ ಇರುತ್ತದೆ. ಏನಾದರೂ ಇದ್ದ ಕೂಡಲೇ ಸರ್ವರ್ ಅದನ್ನು ಈಚೆಗೆ ತಳ್ಳುತ್ತದೆ. ಇದನ್ನೇ ಪುಶ್ ನೋಟಿಫಿಕೇಶನ್ ಎನ್ನುವುದು. ಆ್ಯಪಲ್ ಕಂಪನಿ 2009ರಲ್ಲಿ ಐಫೋನಿನ ಆ್ಯಪ್‌ಗಳಿಗೆ ಈ ಸೌಲಭ್ಯ ಕೊಟ್ಟಿತು. 2015ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 42 ಇದನ್ನು ಜಾಲತಾಣಗಳಿಗೂ ತೆರೆಯಿತು. 2016ರ ಜನವರಿಯಲ್ಲಿ ಫೈರ್‌ಫಾಕ್ಸ್ 44 ಅದೇ ದಾರಿ ಹಿಡಿಯಿತು.

ಇಲ್ಲಿ ಆದ ದೊಡ್ಡ ಬದಲಾವಣೆ ವೇಗದ್ದಲ್ಲ, ಸಮಯದ ಅಧಿಕಾರದ್ದು. ಮೊದಲು ಸಂದೇಶವನ್ನು ಯಾವಾಗ ನೋಡಬೇಕೆಂದು ಓದುವವರು ತೀರ್ಮಾನಿಸುತ್ತಿದ್ದರು. ಈಗ ಯಾವಾಗ ತೋರಿಸಬೇಕೆಂದು ಕಳಿಸುವವರು ತೀರ್ಮಾನಿಸುತ್ತಾರೆ. ಮುಂದೆ ಹೇಳುವ ಎಲ್ಲ ಹೊಂದಾಣಿಕೆಗಳೂ ಆ ಅಧಿಕಾರವನ್ನು ತಿರುಗಿ ನಮ್ಮ ಕೈಗೆ ತೆಗೆದುಕೊಳ್ಳುವ ಬಗೆಬಗೆಯ ದಾರಿಗಳು.

ಮೊದಲು ಮೂಲ ಯಾವುದೆಂದು ಗುರುತಿಸಿ

ನೋಡಲು ಎಲ್ಲ ಚೌಕಗಳೂ ಒಂದೇ ರೀತಿ ಇರುತ್ತವೆ. ಆದರೆ ಅವು ಹುಟ್ಟುವ ಜಾಗ ಮೂರು. ಒಂದು, ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸ್ ಅಥವಾ ಉಬುಂಟು ತಾನೇ ಹೇಳುವುದು: ಬ್ಯಾಟರಿ ಮುಗಿಯುತ್ತಾ ಬಂತು, ಅಪ್‌ಡೇಟ್ ತಯಾರಿದೆ ಎಂಬಂಥವು. ಎರಡು, ನೀವು ಹಾಕಿಕೊಂಡ ಆ್ಯಪ್‌ಗಳು: ವಾಟ್ಸ್ಆ್ಯಪ್, ಔಟ್‌ಲುಕ್, ಟೀಮ್ಸ್. ಮೂರು, ಬ್ರೌಸರಿನ ಮೂಲಕ ಮಾತಾಡುವ ಜಾಲತಾಣಗಳು.

ಜನ ಸೋಲುವುದು ಈ ಮೂರನೆಯದರಲ್ಲಿ. ಸಂದೇಶ ‘ಕ್ರೋಮ್’ ಎಂಬ ಹೆಸರಿನಲ್ಲಿ ಬರುತ್ತದೆ, ಹಾಗಾಗಿ ಕ್ರೋಮಿನದ್ದೇ ತೊಂದರೆ ಎಂದುಕೊಳ್ಳುತ್ತಾರೆ. ಚೌಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಮೇಲ್ಗಡೆ ಬ್ರೌಸರಿನ ಹೆಸರಿದ್ದರೆ, ಸಂದೇಶದ ಜತೆ ಸಣ್ಣ ಅಕ್ಷರದಲ್ಲಿ ಒಂದು ತಾಣದ ವಿಳಾಸ ಇರುತ್ತದೆ. ನಿಜವಾಗಿ ಕಳಿಸಿದವರು ಆ ವಿಳಾಸದವರು.

ಇದಲ್ಲದೆ ನೋಟಿಫಿಕೇಶನ್ ವೇಷ ಹಾಕಿದ ಜಾಹೀರಾತುಗಳೂ ಇವೆ. ಅವು ಪುಟದ ಒಳಗೇ ಇರುವ ಚಿತ್ರಗಳು. ಟ್ಯಾಬ್ ಮುಚ್ಚಿದರೆ ಹೋಗುತ್ತವೆ, ಬ್ರೌಸರ್ ಕಿಟಕಿಯನ್ನು ಎಳೆದರೆ ಅದರ ಜತೆ ತಾವೂ ಸರಿಯುತ್ತವೆ. ನಿಜವಾದ ನೋಟಿಫಿಕೇಶನ್ ಬ್ರೌಸರನ್ನು ಎತ್ತ ಸರಿಸಿದರೂ ಪರದೆಯ ಮೂಲೆಯಲ್ಲೇ ನಿಲ್ಲುತ್ತದೆ.

‘ಅಲೋ’ ಒತ್ತಿದ ಮೇಲೆ ಏನಾಗುತ್ತದೆ

ಒಂದು ಸುದ್ದಿ ಓದಲು ಹೋಗುತ್ತೀರಿ, ಅಡಿಕೆಯ ಇವತ್ತಿನ ಧಾರಣೆ ನೋಡಲು ಹೋಗುತ್ತೀರಿ. ಪುಟ ತೆರೆಯುವ ಮೊದಲೇ ವಿಳಾಸಪಟ್ಟಿಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ, ಅದರ ಅಡಿಗೆ ‘ಅಲೋ’, ‘ಬ್ಲಾಕ್’ ಎಂಬ ಎರಡು ಬಟನ್. ಓದಬೇಕೆಂಬ ಅವಸರದಲ್ಲಿ ‘ಅಲೋ’ ಒತ್ತಿಬಿಡುತ್ತೇವೆ. ಒತ್ತದಿದ್ದರೆ ಪುಟ ತೆರೆಯಲಿಕ್ಕಿಲ್ಲ ಎಂಬ ಅನುಮಾನವೂ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳದ ಅರ್ಜಿಗಳನ್ನು ಇಂಗ್ಲಿಷಿನ ಪೋರ್ಟಲಿನಲ್ಲಿ ತುಂಬುವ ನಮ್ಮೂರಿನವರಿಗೆ ‘ಒಪ್ಪಿಗೆ ಒತ್ತಿ ಮುಂದೆ ಹೋಗು’ ಎಂಬುದು ಅಭ್ಯಾಸವೇ ಆಗಿದೆ. ತಿಳಿದಿರಬೇಕಾದ ಮಾತು ಇಷ್ಟು: ಆ ಪ್ರಶ್ನೆಗೂ ಪುಟ ಓದುವುದಕ್ಕೂ ಸಂಬಂಧವಿಲ್ಲ. ‘ಬ್ಲಾಕ್’ ಒತ್ತಿದರೂ ಸಾಮಾನ್ಯವಾದ ತಾಣವೊಂದು ತೆರೆದೇ ತೆರೆಯುತ್ತದೆ.

ಒತ್ತಿದ ಮೇಲೆ ನಡೆಯುವುದೇನು? ಬ್ರೌಸರು ನಿಮ್ಮ ಯಂತ್ರಕ್ಕೆಂದೇ ಒಂದು ವಿಳಾಸ ಸೃಷ್ಟಿಸಿ ಆ ತಾಣಕ್ಕೆ ಕೊಡುತ್ತದೆ. ಕ್ರೋಮ್ ಆದರೆ ಗೂಗಲ್‌ನ, ಫೈರ್‌ಫಾಕ್ಸ್ ಆದರೆ ಮೊಜಿಲ್ಲಾದ, ಸಫಾರಿಯಾದರೆ ಆ್ಯಪಲ್‌ನ ಸರ್ವರಿನಲ್ಲಿ ಆ ವಿಳಾಸ ಇರುತ್ತದೆ. ತಾಣದವರು ಸಂದೇಶವನ್ನು ಅಲ್ಲಿಗೆ ಕಳಿಸುತ್ತಾರೆ, ಅಲ್ಲಿಂದ ಅದು ನಿಮ್ಮ ಬ್ರೌಸರಿಗೆ ಬರುತ್ತದೆ. ಬಂದದ್ದನ್ನು ತೋರಿಸಲು ಆ ತಾಣದ್ದೇ ಒಂದು ಸಣ್ಣ ಪ್ರೋಗ್ರಾಮು ನಿಮ್ಮ ಬ್ರೌಸರಿನಲ್ಲಿ ಉಳಿದಿರುತ್ತದೆ. ಅದಕ್ಕೆ ಸರ್ವಿಸ್ ವರ್ಕರ್ ಎಂದು ಹೆಸರು. ಆದ್ದರಿಂದಲೇ ತಾಣದ ಟ್ಯಾಬ್ ಮುಚ್ಚಿ ತಿಂಗಳಾದರೂ ಸಂದೇಶ ಬರುತ್ತಲೇ ಇರುತ್ತದೆ. ಕ್ರೋಮಿನಲ್ಲಿ ‘ಮುಚ್ಚಿದ ಮೇಲೂ ಹಿನ್ನೆಲೆಯ ಆ್ಯಪ್‌ಗಳು ನಡೆಯಲಿ’ ಎಂಬ ಆಯ್ಕೆ ಚಾಲೂ ಇದ್ದರೆ ಕ್ರೋಮನ್ನೇ ಮುಚ್ಚಿದ ಮೇಲೂ ಬರಬಹುದು.

ಈ ಸೌಕರ್ಯವನ್ನು ಮೋಸಗಾರರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಸಿನಿಮಾ ಅಥವಾ ಕ್ರಿಕೆಟ್ ಪುಕ್ಕಟೆಯಾಗಿ ತೋರಿಸುತ್ತೇವೆ ಎನ್ನುವ ತಾಣಗಳಲ್ಲಿ ‘ನೀವು ರೋಬೋಟ್ ಅಲ್ಲ ಎಂದು ಸಾಬೀತು ಮಾಡಲು ಅಲೋ ಒತ್ತಿ’ ಎಂದು ಬರೆದಿರುತ್ತದೆ. ಅದು ಶುದ್ಧ ಸುಳ್ಳು. ರೋಬೋಟ್ ಪರೀಕ್ಷೆಗೂ ಆ ಬಟನ್‌ಗೂ ಏನೂ ಸಂಬಂಧವಿಲ್ಲ. ಒತ್ತಿದ ಸ್ವಲ್ಪ ಹೊತ್ತಿನಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’, ‘ಆ್ಯಂಟಿವೈರಸ್ ಅವಧಿ ಮುಗಿದಿದೆ, ಈಗಲೇ ಹಣ ಕಟ್ಟಿ’ ಎಂಬ ಸಂದೇಶಗಳು ಒಂದರ ಹಿಂದೆ ಒಂದು ಬೀಳತೊಡಗುತ್ತವೆ. ಮನೆಯಲ್ಲಿ ವಯಸ್ಸಾದವರಿದ್ದರೆ ಗಾಬರಿಯಾಗುವುದು ಸಹಜ. ಅಂಗಡಿಗೆ ಒಯ್ದು ಹಣ ಕೊಟ್ಟು ಫಾರ್ಮ್ಯಾಟ್ ಮಾಡಿಸಿಕೊಂಡು ಬರುವವರೂ ಇದ್ದಾರೆ.

ಇಲ್ಲಿ ವೈರಸ್ ಇರಲೇಬೇಕೆಂದಿಲ್ಲ. ಇರುವುದು ನಾವೇ ಕೊಟ್ಟ ಒಂದು ಅನುಮತಿ. ಹಾಗಾಗಿಯೇ ಆ್ಯಂಟಿವೈರಸ್ ಹುಡುಕಿದರೂ ಏನೂ ಸಿಗುವುದಿಲ್ಲ, ಬ್ರೌಸರಿನ ಹಿಸ್ಟರಿ ಅಳಿಸಿದರೂ ನಿಲ್ಲುವುದಿಲ್ಲ. ಅನುಮತಿಯನ್ನು ಹಿಂದಕ್ಕೆ ಪಡೆಯಬೇಕು. ಕ್ರೋಮಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’ ತೆರೆಯಿರಿ. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿರುತ್ತದೆ. ಗುರುತಿಲ್ಲದ ಪ್ರತಿಯೊಂದು ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ ‘ಬ್ಲಾಕ್’ ಅಥವಾ ‘ರಿಮೂವ್’ ಮಾಡಿ. ‘ರಿಮೂವ್’ ಮಾಡಿದರೆ ಆ ತಾಣ ಮುಂದೊಮ್ಮೆ ಮತ್ತೆ ಕೇಳಬಹುದು, ‘ಬ್ಲಾಕ್’ ಮಾಡಿದರೆ ಕೇಳುವುದೂ ನಿಲ್ಲುತ್ತದೆ. ಅದೇ ಪುಟದ ಮೇಲ್ಭಾಗದಲ್ಲಿ ಯಾವ ಹೊಸ ತಾಣವೂ ಇನ್ನು ಮುಂದೆ ನೋಟಿಫಿಕೇಶನ್ ಕಳಿಸದಂತೆ ತಡೆಯುವ ಆಯ್ಕೆಯಿದೆ. ಕಚೇರಿ ಕೆಲಸಕ್ಕೆ ಬ್ರೌಸರಿನ ನೋಟಿಫಿಕೇಶನ್ ಬೇಕಿಲ್ಲದವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಫೈರ್‌ಫಾಕ್ಸಿನಲ್ಲಿ ಇದು ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’ಯ ‘ಪರ್ಮಿಶನ್ಸ್’ ಎಂಬಲ್ಲಿದೆ. ಎಡ್ಜ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್ಸ್’ ಎಂದು ಹುಡುಕಿದರೆ ಸಿಗುತ್ತದೆ.

ಬ್ರೌಸರ್ ಮಾಡುವವರಿಗೂ ಈ ಕಾಟ ಗೊತ್ತಾಗಿದೆ. 2020ರ ಜನವರಿಯ ಫೈರ್‌ಫಾಕ್ಸ್ 72ರಿಂದ ಆ ಪ್ರಶ್ನೆ ತಾನಾಗಿ ಎದ್ದು ನಿಲ್ಲುವುದು ನಿಂತು, ವಿಳಾಸಪಟ್ಟಿಯಲ್ಲಿ ಒಂದು ಸಣ್ಣ ಚಿಹ್ನೆಯಷ್ಟೇ ಕಾಣುವಂತಾಯಿತು. ಮರುತಿಂಗಳು ಬಂದ ಕ್ರೋಮ್ 80ರಲ್ಲಿ ಪ್ರಶ್ನೆಯನ್ನು ಸದ್ದಿಲ್ಲದೆ ತೋರಿಸುವ ಆಯ್ಕೆ ಸೇರಿತು. ಆದರೆ ಅದಕ್ಕಿಂತ ಮೊದಲು ಕೊಟ್ಟ ಅನುಮತಿಗಳು ಹಳೆಯ ಕಂಪ್ಯೂಟರುಗಳಲ್ಲಿ ಹಾಗೇ ಉಳಿದಿರಬಹುದು.

ಆ ಸಂದೇಶ ನಂಬಿ ಯಾರಾದರೂ ಹಣ ಕಟ್ಟಿದ್ದರೆ, ಕಾರ್ಡಿನ ವಿವರ ಕೊಟ್ಟಿದ್ದರೆ ಸೆಟ್ಟಿಂಗ್ಸ್ ಸರಿಮಾಡುತ್ತ ಕೂರಬಾರದು. ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.

ಒಂದು ಸದ್ದಿಗೆ ತಲೆಯೊಳಗೆ ಏನಾಗುತ್ತದೆ

‘ಒಮ್ಮೆ ಕಣ್ಣು ಹಾಯಿಸಿದರೆ ಏನಾಯಿತು, ಎರಡು ಸೆಕೆಂಡ್’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಆ ಎರಡು ಸೆಕೆಂಡಿನಲ್ಲಿಲ್ಲ, ಆಮೇಲೆ ಬರುವುದರಲ್ಲಿದೆ.

ಹಠಾತ್ತನೆ ಸದ್ದಾದರೆ, ಕಣ್ಣಂಚಿನಲ್ಲಿ ಏನಾದರೂ ಅಲುಗಾಡಿದರೆ ತಲೆ ಅತ್ತ ತಿರುಗುವುದು ಪ್ರಾಣಿಗಳಿಗೂ ಮನುಷ್ಯರಿಗೂ ಹುಟ್ಟುಗುಣ. ರಷ್ಯದ ವಿಜ್ಞಾನಿ ಇವಾನ್ ಪಾವ್ಲೋವ್ ಇದನ್ನು ‘ಏನದು?’ ಎಂಬ ಪ್ರತಿಕ್ರಿಯೆ ಎಂದು ಕರೆದರು. ಅದು ನಮ್ಮ ಇಚ್ಛೆಗೆ ಕಾಯುವುದಿಲ್ಲ. ‘ನಾನು ಗಮನ ಕೊಡುವುದಿಲ್ಲ’ ಎಂದು ಗಟ್ಟಿ ಮನಸ್ಸು ಮಾಡಿದವರ ಗಮನವೂ ಒಂದು ಕ್ಷಣ ಅತ್ತ ಹೋಗಿಯೇ ಹೋಗುತ್ತದೆ. ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಮನವಿಟ್ಟು ಮಾಡಬೇಕಾದ ಕೆಲಸದ ನಡುವೆ ಜನರ ಫೋನಿಗೆ ನೋಟಿಫಿಕೇಶನ್ ಕಳಿಸಿದರು. ಫೋನನ್ನು ಮುಟ್ಟದೆ, ನೋಡದೆ ಇದ್ದವರ ಕೆಲಸದಲ್ಲೂ ತಪ್ಪುಗಳು ಹೆಚ್ಚಿದವು. ಯಾರ ಸಂದೇಶವೋ, ಏನಿರಬಹುದೋ ಎಂದು ಮನಸ್ಸು ಅಲೆಯತೊಡಗುವುದೇ ಸಾಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿಕೊಟ್ಟರು. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಹೋದರೆ ಗಮನ ಪೂರ್ತಿಯಾಗಿ ಹೊಸ ಕೆಲಸಕ್ಕೆ ಬರುವುದಿಲ್ಲ, ಅದರ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅರ್ಧ ಓದಿದ ಒಂದು ಮಾತು ಬಿಲ್ಲಿನ ಲೆಕ್ಕದ ನಡುವೆ ತಲೆಯಲ್ಲಿ ಸುತ್ತುತ್ತಿರುವುದು ಇದರಿಂದ.

ಅಡಿಕೆ ತೋಟದಲ್ಲಿ ಮದ್ದು ಬಿಡುವವರ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನುರಿತ ಕೆಲಸಗಾರ ಕಾಲಿಗೆ ತಳೆ (ಮರ ಹತ್ತಲು ಹಾಕುವ ಬಳೆ) ಹಾಕಿ ಒಂದು ಮರ ಹತ್ತಿದರೆ ಮತ್ತೆ ಕೆಳಗಿಳಿಯುವುದಿಲ್ಲ. ಆ ಮರದ ಗೊನೆಗೆ ಮದ್ದು ಬಿಟ್ಟು, ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು, ತುದಿಯಿಂದ ತುದಿಗೇ ದಾಟುತ್ತಾ ಸಾಲು ಮುಗಿಸುತ್ತಾನೆ. ಅವನನ್ನು ‘ಒಂದು ಮಾತು ಕೇಳಲಿಕ್ಕಿತ್ತು’ ಎಂದು ಕೆಳಗೆ ಕರೆದರೆ ಮಾತಿಗೆ ಹಿಡಿದ ಸಮಯ ಅರ್ಧ ನಿಮಿಷ. ಕಳೆದುಹೋದದ್ದು ಅದಲ್ಲ, ಇಳಿಯಬೇಕು, ಮತ್ತೆ ಬುಡದಿಂದ ಹತ್ತಬೇಕು, ಯಾವ ಗೊನೆಯವರೆಗೆ ಮದ್ದು ಬಿದ್ದಿತ್ತೆಂದು ಹುಡುಕಬೇಕು. ಲೆಕ್ಕ ಬರೆಯುವುದು, ಪ್ರೋಗ್ರಾಮ್ ಬರೆಯುವುದು, ಪಾಠದ ಟಿಪ್ಪಣಿ ತಯಾರಿಸುವುದು ಎಲ್ಲವೂ ಹೀಗೆ ಎತ್ತರದಲ್ಲಿ ನಡೆಯುವ ಕೆಲಸ. ಯಾವ ಅಂಕಿ ಎಲ್ಲಿಂದ ಬಂತು, ಮುಂದಿನ ಸಾಲಿಗೆ ಏನು ಬೇಕು ಎಂಬುದೆಲ್ಲ ಆ ಹೊತ್ತಿಗೆ ತಲೆಯಲ್ಲಿ ಒಟ್ಟಾಗಿ ನಿಂತಿರುತ್ತದೆ. ಒಂದು ಸದ್ದಿಗೆ ಅದು ಚದುರುತ್ತದೆ.

ಹಾಗೆಂದು ಅಡಚಣೆಯಾದರೆ ಕೆಲಸ ಯಾವಾಗಲೂ ನಿಧಾನವಾಗುತ್ತದೆ ಎಂದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಜತೆಗಾರರು 2008ರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಅಚ್ಚರಿ ಹುಟ್ಟಿಸುವಂಥದ್ದು. ನಡುನಡುವೆ ಅಡ್ಡಿಪಡಿಸಿದಾಗ ಜನ ಕೆಲಸವನ್ನು ಬೇಗವೇ ಮುಗಿಸಿದರು. ಕಳೆದುಹೋದ ಸಮಯ ತುಂಬಿಸಲು ಗಡಿಬಿಡಿಯಿಂದ ಮಾಡಿದರು. ಅದಕ್ಕೆ ತೆತ್ತ ಬೆಲೆ ಬೇರೆ: ಒತ್ತಡ, ಕಿರಿಕಿರಿ, ಅವಸರದ ಭಾವ ಎಲ್ಲವೂ ಹೆಚ್ಚಾಗಿದ್ದವು. ಸಂಜೆ ‘ಏನೂ ಮಾಡಿಲ್ಲ, ಆದರೂ ಸುಸ್ತು’ ಎನ್ನುವವರ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಮುಖ್ಯವಾದದ್ದು ಬೇರೆ, ತುರ್ತಿನದ್ದು ಬೇರೆ

ಎಲ್ಲವನ್ನೂ ಬಂದ್ ಮಾಡಿಬಿಡುವುದು ಸುಲಭ. ಆದರೆ ಕೆಲವನ್ನು ನಿಲ್ಲಿಸಲೇಬಾರದು. ಯಾವುದನ್ನು ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಇದನ್ನು ಒಂದು ಗಂಟೆ ಬಿಟ್ಟು ನೋಡಿದರೆ ನಷ್ಟವಾಗುತ್ತದೆಯೇ?

ಮಳೆಗಾಲದಲ್ಲಿ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದರೆ, ಪಯಸ್ವಿನಿಯ ದಡದಲ್ಲಿ ಮನೆಯಿರುವವರಿಗೆ ಒಂದು ಗಂಟೆ ಬಹಳ ದೊಡ್ಡದು. ನೀವು ಮಾಡದ ವ್ಯವಹಾರಕ್ಕೆ ಬ್ಯಾಂಕಿನಿಂದ ಸಂದೇಶ ಬಂದರೂ ಅಷ್ಟೇ. ಲ್ಯಾಪ್‌ಟಾಪಿನ ಬ್ಯಾಟರಿ ಎಚ್ಚರಿಕೆಯನ್ನು, ಗಾಳಿಮಳೆಗೆ ಕರೆಂಟು ಹೋಗುವ ನಮ್ಮಲ್ಲಿ ಯಾರೂ ನಿಲ್ಲಿಸಬಾರದು. ವಿಂಡೋಸ್ ಸೆಕ್ಯೂರಿಟಿ ಎಂಬ ಹೆಸರಿನ ಸಂದೇಶಗಳೂ ಇರಲಿ. ಬ್ರೌಸರಿನ ಮೂಲಕ ಬರುವ ನಕಲಿ ವೈರಸ್ ಎಚ್ಚರಿಕೆ ಬೇರೆ, ಇದು ಬೇರೆ.

ಇನ್ನು ಬಹಳ ಮುಖ್ಯವಾಗಿದ್ದೂ ತುರ್ತಲ್ಲದ ವಿಷಯಗಳಿವೆ. ಕೇರಳ ಪಿಎಸ್‌ಸಿ ಪರೀಕ್ಷೆ ಬರೆಯುತ್ತೇನೆಂದು ತನ್ನ ಪ್ರೊಫೈಲಿನಲ್ಲಿ ಗೊತ್ತಾದ ಅವಧಿಯೊಳಗೆ ದೃಢೀಕರಣ ಕೊಡದಿದ್ದರೆ ಅರ್ಜಿಯೇ ತಿರಸ್ಕಾರವಾಗುತ್ತದೆ. ಒಂದು ಕೆಲಸದ ಅವಕಾಶವೇ ಹೋದಂತೆ. ಆದರೆ ಅದಕ್ಕೆ ದಿನಗಳ ಕಾಲಾವಕಾಶ ಇರುತ್ತದೆ, ನಿಮಿಷಗಳದ್ದಲ್ಲ. ಜಿಎಸ್‌ಟಿ ರಿಟರ್ನಿನ ಕೊನೆಯ ದಿನವೂ ಹಾಗೆ. ಇಂಥವನ್ನು ದಿನವಿಡೀ ಬೀಳುವ ಸಂದೇಶಗಳ ರಾಶಿಗೆ ಬಿಟ್ಟರೆ ಅದರಲ್ಲೇ ಮುಳುಗಿಹೋಗುತ್ತವೆ. ಕ್ಯಾಲೆಂಡರಿನಲ್ಲಿ ಎರಡು ದಿನ ಮೊದಲಿಗೇ ನೆನಪೋಲೆ ಹಾಕಿಡುವುದು ಸರಿಯಾದ ದಾರಿ. ನೋಟಿಫಿಕೇಶನ್ ಕಡಿಮೆಯಾದಷ್ಟೂ ಆ ಒಂದು ನೆನಪೋಲೆ ಕಣ್ಣಿಗೆ ಬೀಳುವ ಸಂಭವ ಹೆಚ್ಚು.

ಉಳಿದವು, ಅಂದರೆ ಮಾರಾಟದ ಆಫರು, ಯಾರೋ ಹಾಕಿದ ಫೋಟೋಗೆ ಇನ್ನಾರೋ ಒತ್ತಿದ ಲೈಕು, ಆಟದ ಆ್ಯಪಿನ ಕರೆ, ಸುದ್ದಿ ತಾಣಗಳ ‘ಬ್ರೇಕಿಂಗ್’, ಇವು ಒಂದು ಗಂಟೆಯಲ್ಲ, ಒಂದು ವಾರ ಕಾದರೂ ಏನೂ ಆಗುವುದಿಲ್ಲ.

ವಿಂಡೋಸ್ 11ರಲ್ಲಿ ಎಲ್ಲಿ, ಏನು

ವಿಂಡೋಸ್ ಕೀಲಿಯ ಜತೆ ‘ಐ’ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ‘ಸಿಸ್ಟಮ್’, ಅದರಲ್ಲಿ ‘ನೋಟಿಫಿಕೇಶನ್ಸ್’. ಎಲ್ಲಕ್ಕಿಂತ ಮೇಲಿನ ಸ್ವಿಚ್ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತದೆ, ಅದನ್ನು ಮುಟ್ಟಬೇಡಿ. ಕೆಳಗೆ ಸಂದೇಶ ಕಳಿಸಬಲ್ಲ ಆ್ಯಪ್‌ಗಳ ಪಟ್ಟಿಯಿದೆ. ಇತ್ತೀಚೆಗೆ ಕಳಿಸಿದವರು ಮೇಲೆ ಬರುವಂತೆ ಜೋಡಿಸಿಕೊಂಡರೆ ಯಾರು ಹೆಚ್ಚು ಕಾಡುತ್ತಾರೆಂದು ತಕ್ಷಣ ಕಾಣುತ್ತದೆ.

ಆ್ಯಪಿನ ಹೆಸರನ್ನು ಒತ್ತಿದರೆ ಒಳಗೆ ಇನ್ನಷ್ಟು ಆಯ್ಕೆಗಳಿವೆ, ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದಿಲ್ಲ. ಮೂಲೆಯಲ್ಲಿ ಚೌಕ ಬರಬೇಕೇ, ಸದ್ದು ಬೇಕೇ, ಬಂದ ಸಂದೇಶಗಳೆಲ್ಲ ಒಟ್ಟಾಗಿ ಸಿಗುವ ನೋಟಿಫಿಕೇಶನ್ ಸೆಂಟರಿನಲ್ಲಿ ಸೇರಬೇಕೇ ಎಂಬುದನ್ನು ಬೇರೆಬೇರೆಯಾಗಿ ಆರಿಸಬಹುದು. ಚೌಕ ಮತ್ತು ಸದ್ದನ್ನು ನಿಲ್ಲಿಸಿ, ಸೆಂಟರಿನಲ್ಲಿ ಸೇರುವುದನ್ನು ಮಾತ್ರ ಉಳಿಸಿಕೊಂಡರೆ ಸಂದೇಶ ಕಳೆದುಹೋಗುವುದಿಲ್ಲ, ಆದರೆ ಕೆಲಸದ ನಡುವೆ ಕರೆಯುವುದೂ ಇಲ್ಲ. ಪುರುಸೊತ್ತಾದಾಗ ವಿಂಡೋಸ್ ಕೀಲಿಯ ಜತೆ ‘ಎನ್’ ಒತ್ತಿ ಒಟ್ಟಿಗೆ ನೋಡಬಹುದು. ಇಮೇಲಿಗೂ ಹೆಚ್ಚಿನ ಆ್ಯಪ್‌ಗಳಿಗೂ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಲ್ಲ.

ಅದೇ ಪುಟದ ಕೊನೆಯಲ್ಲಿ ‘ಅಡಿಷನಲ್ ಸೆಟ್ಟಿಂಗ್ಸ್’ ಎಂದಿದೆ. ವಿಂಡೋಸ್ ತಾನೇ ಕೊಡುವ ಸಲಹೆ, ಸೂಚನೆ, ಅಪ್‌ಡೇಟಿನ ನಂತರದ ಸ್ವಾಗತ ಪುಟ ಇವೆಲ್ಲದರ ಟಿಕ್ ಗುರುತುಗಳು ಅಲ್ಲಿವೆ. ತೆಗೆದುಹಾಕಿದರೆ ಯಾವ ನಷ್ಟವೂ ಇಲ್ಲ.

‘ಡು ನಾಟ್ ಡಿಸ್ಟರ್ಬ್’ ಎಂಬುದು ಸ್ವಲ್ಪ ಹೊತ್ತಿನ ಮೌನಕ್ಕೆ. ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ ಎಂದು ಸಮಯ ಗೊತ್ತುಮಾಡಿದರೆ ತಾನಾಗಿ ಚಾಲೂ ಆಗುತ್ತದೆ. ಆಗಲೂ ಯಾರಿಗೆ ಮಾತಾಡುವ ಅವಕಾಶ ಇರಬೇಕೆಂದು ‘ಪ್ರಯಾರಿಟಿ’ ಪಟ್ಟಿಯಲ್ಲಿ ಸೇರಿಸಬಹುದು. ಕಚೇರಿಯ ಟೀಮ್ಸ್ ಕರೆ, ಕ್ಯಾಲೆಂಡರಿನ ನೆನಪೋಲೆ ಅಲ್ಲಿರಲಿ. ‘ಫೋಕಸ್’ ಎಂಬ ಇನ್ನೊಂದು ಸೌಲಭ್ಯ ಕೆಳಪಟ್ಟಿಯ ದಿನಾಂಕ ಒತ್ತಿದಾಗ ಕಾಣುವ ಕ್ಯಾಲೆಂಡರಿನ ಅಡಿಯಲ್ಲಿದೆ. ಎಷ್ಟು ನಿಮಿಷ ಎಂದು ಆರಿಸಿ ಶುರುಮಾಡಿದರೆ ಅಷ್ಟು ಹೊತ್ತು ಚೌಕಗಳ ಜತೆಗೆ ಚಿಹ್ನೆಗಳ ಮೇಲಿನ ಕೆಂಪು ಅಂಕಿ, ಮಿನುಗು ಎಲ್ಲವೂ ನಿಲ್ಲುತ್ತವೆ. ಸದ್ದಿಗಿಂತ ಆ ಕೆಂಪು ಅಂಕಿಯೇ ಹೆಚ್ಚು ಸೆಳೆಯುತ್ತದೆ ಎನ್ನುವವರು ಅದನ್ನು ಕಾಯಂ ಆಗಿಯೂ ತೆಗೆಯಬಹುದು: ‘ಪರ್ಸನಲೈಸೇಶನ್’, ‘ಟಾಸ್ಕ್‌ಬಾರ್’, ‘ಟಾಸ್ಕ್‌ಬಾರ್ ಬಿಹೇವಿಯರ್ಸ್’.

ತರಗತಿಯಲ್ಲಿ ಪ್ರೊಜೆಕ್ಟರ್ ಇರುವಾಗ

2018ರಲ್ಲಿ ಕೇರಳದಲ್ಲಿ ಶುರುವಾದ ಹೈಟೆಕ್ ಶಾಲೆ ಯೋಜನೆಯಲ್ಲಿ 8ರಿಂದ 12ರವರೆಗಿನ 45,000 ತರಗತಿ ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ನಮ್ಮ ಕನ್ನಡ ಮಾಧ್ಯಮದ ತರಗತಿಗಳಲ್ಲೂ ಪಾಠ ಹೀಗೇ ನಡೆಯುತ್ತದೆ. ಪಾಠದ ನಡುವೆ ಟೀಚರ್‌ರ ಖಾಸಗಿ ಸಂದೇಶ ಗೋಡೆಯಷ್ಟು ದೊಡ್ಡದಾಗಿ ಮಕ್ಕಳೆದುರು ಬಂದರೆ ಅದು ಗಮನದ ಪ್ರಶ್ನೆ ಮಾತ್ರವಲ್ಲ, ಮರ್ಯಾದೆಯ ಪ್ರಶ್ನೆ ಕೂಡ.

ವಿಂಡೋಸ್ 11ರಲ್ಲಿ ಪರದೆಯನ್ನು ಪ್ರೊಜೆಕ್ಟರಿಗೆ ನಕಲು ಮಾಡಿದಾಗ ತಾನಾಗಿ ಮೌನವಾಗುವ ಆಯ್ಕೆ ‘ಡು ನಾಟ್ ಡಿಸ್ಟರ್ಬ್’ನ ಕೆಳಗೇ ಇದೆ, ಅದಕ್ಕೆ ಗುರುತು ಹಾಕಿದೆಯೇ ನೋಡಿಕೊಳ್ಳಿ. ಶಾಲೆಗಳಲ್ಲಿ ಬಳಕೆಯಲ್ಲಿರುವುದು ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆ ಕೊಡುವ, ಉಬುಂಟು ಆಧಾರಿತ ವ್ಯವಸ್ಥೆ. ಗ್ನೋಮ್ ಎಂಬ ಪರದೆ ವಿನ್ಯಾಸವಿರುವ ಉಬುಂಟುವಿನಲ್ಲಿ ಮೇಲ್ಪಟ್ಟಿಯ ನಡುವೆ ಇರುವ ಸಮಯವನ್ನು ಒತ್ತಿದರೆ ಕ್ಯಾಲೆಂಡರಿನ ಪಕ್ಕದಲ್ಲಿ ‘ಡು ನಾಟ್ ಡಿಸ್ಟರ್ಬ್’ ಸ್ವಿಚ್ ಸಿಗುತ್ತದೆ. 2020ರ ಗ್ನೋಮ್ 3.36ರಿಂದ ಇದು ಇದೆ; 2025ರ ಗ್ನೋಮ್ 49ರಿಂದ ಮಾತ್ರ ಈ ಸ್ವಿಚ್ ಮೇಲ್ಪಟ್ಟಿಯ ಬಲತುದಿಯ ‘ಕ್ವಿಕ್ ಸೆಟ್ಟಿಂಗ್ಸ್’ಗೆ ಹೋಗಿದೆ. ಪಾಠ ಶುರುವಾಗುವ ಮೊದಲು ಅದನ್ನು ಒತ್ತಿಕೊಳ್ಳಬೇಕು. ಅದಕ್ಕಿಂತ ಭದ್ರವಾದ ದಾರಿ ಶಾಲೆಯ ಲ್ಯಾಪ್‌ಟಾಪಿನಲ್ಲಿ ಸ್ವಂತ ವಾಟ್ಸ್ಆ್ಯಪ್ ತೆರೆಯದಿರುವುದು.

ಒಂದೇ ಸಂದೇಶಕ್ಕೆ ಮೂರು ಸದ್ದು

ವಾಟ್ಸ್ಆ್ಯಪ್ ಫೋನಿನಲ್ಲಿದೆ, ಕಂಪ್ಯೂಟರಿನಲ್ಲಿ ಆ್ಯಪ್ ಆಗಿದೆ, ಬ್ರೌಸರಿನ ಟ್ಯಾಬಿನಲ್ಲೂ ತೆರೆದಿದೆ. ಫೋನ್ ಲಿಂಕ್ ಎಂಬ ವಿಂಡೋಸ್ ಆ್ಯಪನ್ನು ಜೋಡಿಸಿದ್ದರೆ ಫೋನಿಗೆ ಬಂದದ್ದನ್ನು ಅದೂ ತೋರಿಸುತ್ತದೆ. ಕುಟುಂಬದ ಗುಂಪಿನಲ್ಲಿ ಯಾರೋ ಶುಭೋದಯ ಎಂದರೆ ಮೂರು, ನಾಲ್ಕು ಕಡೆಯಿಂದ ಸುದ್ದಿ ಬರುವುದು ಇದರಿಂದ. ಒಂದನ್ನು ಮಾತ್ರ ಮಾತಾಡಲು ಬಿಡಿ. ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಫೋನು ಕೈಗೆಟಕುವಲ್ಲೇ ಇರುವುದಾದರೆ ಕಂಪ್ಯೂಟರಿನವೆಲ್ಲ ಸುಮ್ಮನಿರಲಿ.

ಗುಂಪುಗಳನ್ನು 8 ಗಂಟೆ, ಒಂದು ವಾರ, ಅಥವಾ ಯಾವಾಗಲೂ ಎಂದು ಮ್ಯೂಟ್ ಮಾಡಬಹುದು. ಮ್ಯೂಟ್ ಮಾಡಿದ್ದು ಗುಂಪಿನ ಬೇರೆಯವರಿಗೆ ತಿಳಿಯುವುದಿಲ್ಲ. ಬೇಸರ ಮಾಡಿಕೊಂಡಾರೆಂಬ ಅಂಜಿಕೆಯಿಂದಲೇ ದೇವಸ್ಥಾನದ, ಕ್ಲಬ್ಬಿನ, ಮದುವೆ ಮನೆಯ ಗುಂಪುಗಳನ್ನೆಲ್ಲ ಸದ್ದಿನೊಂದಿಗೆ ಇಟ್ಟುಕೊಂಡವರು ಬಹಳ. ಮ್ಯೂಟ್ ಇದ್ದರೂ ಗುಂಪಿನಲ್ಲಿ ನಿಮ್ಮನ್ನೇ ಹೆಸರಿಸಿ ಬರೆದರೆ, ನಿಮ್ಮ ಮಾತಿಗೆ ಉತ್ತರ ಕೊಟ್ಟರೆ ತಿಳಿಯುತ್ತದೆ.

ಜಿಮೇಲಿನಲ್ಲಿ ಎಲ್ಲ ಮೇಲ್‌ಗೆ, ಮುಖ್ಯವಾದವಕ್ಕೆ ಮಾತ್ರ, ಯಾವುದಕ್ಕೂ ಬೇಡ ಎಂಬ ಮೂರು ಆಯ್ಕೆ ‘ಜನರಲ್’ ಸೆಟ್ಟಿಂಗ್ಸ್‌ನಲ್ಲಿವೆ. ಹೆಚ್ಚಿನವರಿಗೆ ಮೂರನೆಯದು ಸಾಕು.

ದಿನಕ್ಕೆ ಎಷ್ಟು ಸಲ ನೋಡಬೇಕು

ಸದ್ದು ನಿಂತ ಮೇಲೆ ಹೊಸ ಕಾಯಿಲೆಯೊಂದು ಶುರುವಾಗಬಹುದು: ಏನಾದರೂ ಬಂದಿದೆಯೋ ಎಂದು ನಾವೇ ಹೋಗಿ ಹೋಗಿ ನೋಡುವುದು. ಇದಕ್ಕೂ ಅಧ್ಯಯನಗಳಿವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲನ್ನು ದಿನಕ್ಕೆ ಮೂರೇ ಸಲ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆಯಿತ್ತು. 2019ರ ಇನ್ನೊಂದು ಅಧ್ಯಯನ ಫೋನಿನ ನೋಟಿಫಿಕೇಶನ್‌ಗಳನ್ನು ಕೂಡಿಟ್ಟು ಕೊಟ್ಟು ನೋಡಿತು. ದಿನಕ್ಕೆ ಮೂರು ಸಲ ಒಟ್ಟಾಗಿ ಪಡೆದವರು ಹೆಚ್ಚು ನೆಮ್ಮದಿಯಿಂದ, ಹೆಚ್ಚು ಗಮನದಿಂದ ಇದ್ದರು. ಒಂದೂ ಬಾರದಂತೆ ಮಾಡಿಸಿಕೊಂಡವರಿಗೆ ಮಾತ್ರ ಆತಂಕ ಹೆಚ್ಚಿತು, ಏನೋ ತಪ್ಪಿಹೋಗುತ್ತಿದೆ ಎಂಬ ಭಾವ ಕಾಡಿತು. ಪೂರ್ತಿ ಮೌನಕ್ಕಿಂತ ಗೊತ್ತಾದ ಹೊತ್ತು ವಾಸಿ ಎಂದು ಇದರಿಂದ ತಿಳಿಯುತ್ತದೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು, ಊಟದ ನಂತರ, ಸಂಜೆ ಚಹಾದ ಹೊತ್ತಿಗೆ ಎಂದಿಟ್ಟುಕೊಂಡರೂ ಆಯಿತು. ಅಕ್ಷಯ ಕೇಂದ್ರದಲ್ಲಿ ಕೂತು ದಿನವಿಡೀ ಒಟಿಪಿ ಕಾಯಬೇಕಾದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥವರು ಎಸ್ಸೆಮ್ಮೆಸ್ಸಿಗೆ ಮಾತ್ರ ಸದ್ದು ಇಟ್ಟು ಬೇರೆಲ್ಲವನ್ನೂ ನಿಲ್ಲಿಸುವುದು ಸರಿ.

ಹೀಗೆ ಮಾಡುವ ಮೊದಲು ಮನೆಯವರಿಗೆ, ಜತೆ ಕೆಲಸ ಮಾಡುವವರಿಗೆ ಒಂದು ಮಾತು ಹೇಳಿಟ್ಟಿರಬೇಕು: ತುರ್ತಿದ್ದರೆ ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ಫೋನಿನ ‘ಡು ನಾಟ್ ಡಿಸ್ಟರ್ಬ್’ನಲ್ಲಿ ಅಪ್ಪ, ಅಮ್ಮ, ಮಕ್ಕಳ ಶಾಲೆ ಇಂಥ ಕೆಲವು ನಂಬರುಗಳಿಗೆ ವಿನಾಯಿತಿ ಕೊಡಬಹುದು. ಆ ಪಟ್ಟಿಯಲ್ಲಿ ಇಲ್ಲದವರಿಗೂ ಒಂದು ದಾರಿಯಿದೆ. ‘ರಿಪೀಟ್ ಕಾಲರ್ಸ್’ ಆಯ್ಕೆ ಚಾಲೂ ಇದ್ದರೆ ಆಂಡ್ರಾಯ್ಡ್ ಫೋನಿನಲ್ಲಿ 15 ನಿಮಿಷದೊಳಗೆ ಒಬ್ಬರೇ ಎರಡನೇ ಸಲ ಕರೆ ಮಾಡಿದರೆ ಫೋನು ರಿಂಗ್ ಆಗುತ್ತದೆ. ಐಫೋನಿನಲ್ಲಿ ಅದಕ್ಕೆ 3 ನಿಮಿಷದ ಮಿತಿ.